ಹಗ್ಗದ ಆ ತುದಿ

ನೀರು ಹೋಗುವುದಿಲ್ಲ ಮಕ್ಕಳೇ, ಎಂದೆ.
ಗಾಜಿನ ತೊಟ್ಟಿಯಲ್ಲಿ ಎರಡು ಬೆರಳು ನೀರು,
ಮೇಲೆ ಬಲ್ಬು, ಕೆಳಗೆ ಬಿಳಿ ಹಾಳೆ.
ಲ್ಯಾಬಿನ ಮೋಟರು ಕೆಟ್ಟು ಮೂರು ವರ್ಷ,
ಅದ್ದಿ ತೆಗೆಯುವುದಕ್ಕೆ ನನ್ನದೇ ಬೆರಳು.

ಹಾಳೆಯ ಮೇಲೆ ನೆರಳಿನ ಬಳೆಗಳು
ಒಂದರ ಹಿಂದೊಂದು ಅಗಲವಾಗುತ್ತ
ಅಂಚಿಗೆ ಬಡಿದು, ತಿರುಗಿ,
ಎದುರು ಬರುವವುಗಳ ಮೈಯೊಳಗಿಂದಲೇ ಹಾದು
ಏನೂ ಆಗದವರ ಹಾಗೆ ನಡೆದವು.
ಕೂಡಿದ ಕಡೆ ಒಂದು ಗಳಿಗೆ ಎತ್ತರ,
ಇನ್ನೊಂದು ಕಡೆ ಒಂದು ಗಳಿಗೆ ಮಟ್ಟಸ,
ದಾಟಿದ ಮೇಲೆ ಅವರವರ ಆಕಾರ ಅವರವರಿಗೆ.

ಭತ್ತದ ಹೊಟ್ಟೊಂದನ್ನು ತೇಲಿಬಿಟ್ಟೆ.
ಎದ್ದಿತು, ಕೂತಿತು, ಎದ್ದಿತು,
ಇದ್ದಲ್ಲೇ.

ಹಿಂದಿನ ಬೆಂಚಿಂದ ಹೊಳಲಿನ ಹುಡುಗಿ ತಬಸ್ಸುಮ್:
‘ನೀರು ಹೋಗಲ್ಲ ಅಂದ್ರೆ, ಮಿಸ್,
ಮತ್ತೆ ಹೋಗೋದು ಏನು?’

ಶಕ್ತಿ, ಎಂದು ಬೋರ್ಡಿನ ಮೇಲೆ ಬರೆದೆ.
ಎರಡು ಅಂಕಕ್ಕೆ ಅಷ್ಟು ಸಾಕು.
ಅವಳು ಬರೆದುಕೊಂಡಳು, ಒಪ್ಪಲಿಲ್ಲ.
ಬೆಲ್ಲು ಹೊಡೆಯಿತು.

*

ಅಪ್ಪ, ಚಲುವಯ್ಯ,
ಮಂಡ್ಯದ ಸಕ್ಕರೆ ಫ್ಯಾಕ್ಟರಿಯಲ್ಲಿ ಇಪ್ಪತ್ತೆಂಟು ವರ್ಷ
ಕಬ್ಬು ಅರೆಯುವ ಉರುಳೆಗಳ ಪಕ್ಕ ನಿಂತವನು,
ಕಿವಿಗೆ ಒಂದು ಚೂರು ಹತ್ತಿಯೂ ಇಲ್ಲದೆ.
ಮೊದಲು ಹೋದದ್ದು ಸಣ್ಣ ದನಿಗಳು:
ಗುಬ್ಬಿ, ಬಳೆ, ಕುಕ್ಕರಿನ ಸೀಟಿ.
ಆಮೇಲೆ ಅವ್ವನ ಮಾತು.
ಕೊನೆಗೆ ಸೈರನ್ನು.

ಆ ಸೈರನ್ನು ಹಗಲು ಹನಕೆರೆಗೆ ಕೇಳುತ್ತಿರಲಿಲ್ಲ.
ರಾತ್ರಿ ಪಾಳಿಯದು ಮಾತ್ರ
ಹಿತ್ತಲ ಬಾಗಿಲಲ್ಲೇ ನಿಂತು ಕೂಗಿದ ಹಾಗೆ.
ಕತ್ತಲಿಗೆ ಕಾಲು ಬತ್ತವೆ ಕಣೆ, ಎನ್ನುತ್ತಿದ್ದಳು ಅಜ್ಜಿ.
ಬಿ.ಎಸ್ಸಿ.ಗೆ ಬಂದ ಮೇಲೆ ತಿಳಿಯಿತು:
ನೀರು ನಿಂತ ಗದ್ದೆಗಳ ಮೇಲೆ ತಣ್ಣನೆ ಗಾಳಿ,
ಅದರ ಮೇಲೆ ಹಗಲ ಬಿಸಿ ಇನ್ನೂ ಆರದ ಗಾಳಿ.
ಮೇಲಕ್ಕೆ ಹೊರಟ ಸದ್ದು ಬಿಸಿಯಲ್ಲಿ ಬಿರುಸಾಗಿ
ತಂಪಿನ ಕಡೆಗೆ ಬಾಗುತ್ತದೆ,
ಬಾಗಿ ಬಾಗಿ ನಮ್ಮ ಹಿತ್ತಲಿಗೇ ಇಳಿಯುತ್ತದೆ.
ಅಪ್ಪನಿಗೆ ಹೇಳಲು ಓಡಿ ಬಂದೆ.
ಅಷ್ಟರಲ್ಲಿ ಅವನಿಗೆ ಕೇಳುತ್ತಿರಲಿಲ್ಲ.

*

ಈಗ ನಮಗೊಂದು ಹಗ್ಗವಿದೆ.
ಅಡುಗೆಮನೆಯ ಕಿಟಕಿಯಿಂದ ಕೊಟ್ಟಿಗೆಯವರೆಗೆ ನಲವತ್ತು ಅಡಿ,
ಕಬ್ಬಿನ ಗಾಡಿಗೆ ಬಿಗಿಯುತ್ತಿದ್ದದ್ದು.
ಬಟ್ಟೆ ಒಣಹಾಕಕೂಡದೆಂದು ಅವ್ವನಿಗೆ ತಾಕೀತು.
ಆ ತುದಿಯನ್ನು ಎಡಗೈಗೆ ಸುತ್ತಿಕೊಂಡು
ಮಂಚದಲ್ಲಿ ಕೂತಿರುತ್ತಾನೆ, ಬಲಗೈಯಲ್ಲಿ ಬೀಡಿ.

ಒಂದು ಸಲ ಕೊಡವಿದರೆ ಊಟ. ಎರಡು ಸಲ, ಯಾರೋ ಬಂದಿದ್ದಾರೆ.
ಮೂರು ಸಲ, ಬೇಗ ಬಾ.
ನನ್ನ ಮಣಿಕಟ್ಟಿಂದ ಒಂದು ಗೂನು ಹೊರಟು
ಹಗ್ಗದುದ್ದ ಓಡುತ್ತದೆ:
ಸಡಿಲವಿದ್ದರೆ ಸೋಮಾರಿ, ಬಿಗಿದರೆ ಕಣ್ಣಿಗೆ ಸಿಗದು,
ಮಳೆಗೆ ನೆನೆದು ಭಾರವಾದ ದಿನ
ಊಟ ತುಸು ತಡ.

‘ನಿಮ್ಮವ್ವಂದು ಬ್ಯಾರೆ, ನಿಂದು ಬ್ಯಾರೆ.
ಕ್ವಾಪ ಬಂದಾಗ ಚೂಪಾಯ್ತದೆ,’ ಎಂದ ಒಮ್ಮೆ,
ತನಗೇ ಕೇಳಿಸದ ತನ್ನ ದೊಡ್ಡ ದನಿಯಲ್ಲಿ.

ನಾರಿನ ಒಂದೇ ಒಂದು ಎಳೆ
ಕಿಟಕಿ ಬಿಟ್ಟು ಕೊಟ್ಟಿಗೆ ಕಂಡದ್ದಿಲ್ಲ.
ಹೋಗೋದು ಕರೆ, ತಬಸ್ಸುಮ್.
ನಾಳೆ ಹೇಳಬೇಕು.
ಹೀಗೆ ಬರೆದರೆ ಅಂಕ ಬರಲ್ಲ ಅಂತಲೂ.

ಸಾರು ಇಳಿಸಿ, ಕೈ ಒರೆಸಿ, ಕೊಡವಿದೆ.
ಅಪ್ಪ ಹಿಡಿದಿದ್ದರೆ ಏನೂ ಮರಳುವುದಿಲ್ಲ,
ಅವನ ಕೈ ಅದನ್ನು ಕುಡಿದುಬಿಡುತ್ತದೆ.
ಇವತ್ತು ಹೋದದ್ದು ಹೋದ ವೇಗದಲ್ಲೇ
ಗೂನು ಕೆಳಗಾಗಿ, ತಲೆಕೆಳಗಾಗಿ ಬಂದು
ಬೆರಳಿಗೆ ಬಡಿಯಿತು.

ಮೊಳೆಗೆ ಕಟ್ಟಿ
ಟೀ ಅಂಗಡಿಗೆ ಹೋಗಿದ್ದಾನೆ.
ತಟ್ಟೆ ಮುಚ್ಚಿಟ್ಟೆ.