ಕಡೆಗಣ್ಣು

ಕೋಟ್ಕಾ ಬಂದರಿನ ಕಂಟ್ರೋಲ್ ರೂಮಿಗೆ ಕಿಟಕಿಯಿಲ್ಲ.
ಆರು ಪರದೆ, ಒಂದು ಕುರ್ಚಿ, ಎರಡು ಜಾಯ್‌ಸ್ಟಿಕ್,
ಆರಿಹೋದ ಕಾಫಿ.
ಕ್ರೇನು ಮಾತ್ರ ಅರ್ಧ ಮೈಲಿ ಆಚೆ, ಹಿಮದಲ್ಲಿ,
ಮೈಮೇಲೆ ಯಾರೂ ಇಲ್ಲದೆ ಡಬ್ಬಿ ಎತ್ತುತ್ತದೆ.

ನನ್ನ ಕೆಲಸ ಕಣ್ಣಿನ ಲೆಕ್ಕ ಬರೆಯುವುದು:
ಎಲ್ಲಿ ನಿಂತಿತು, ಎಷ್ಟು ಹೊತ್ತು,
ಅಲ್ಲಿಂದ ಎಲ್ಲಿಗೆ ಹಾರಿತು.
ಓಸ್ಮೊ ಮೂವತ್ತೊಂದು ವರ್ಷ ಕ್ರೇನಿನ ಗೂಡಿನಲ್ಲೇ ಕೂತವನು.
ಅವನ ಹಣೆಗೆ ಪಟ್ಟಿ ಕಟ್ಟಿ, ಹನ್ನೊಂದು ದಿನ
ರೆಪ್ಪೆ ಬಡಿದದ್ದನ್ನೂ ಬಿಡದೆ ಎಣಿಸಿ
ಅವನಂತೆ ನೋಡುವ ಮಾದರಿಯೊಂದನ್ನು ಕಟ್ಟಿದೆವು.
ಮೈಯಿಲ್ಲ, ಬೆನ್ನುನೋವಿಲ್ಲ,
ಬರೀ ನೋಟ.
ಹೊಸ ಪರದೆಯ ನಕ್ಷೆ ಅದರ ಮುಂದೆ ಹಿಡಿದರೆ ಹೇಳುತ್ತದೆ:
ಈ ಕೆಂಪು ದೀಪ ಕಾಣಲು ಎರಡೂವರೆ ಸೆಕೆಂಡು,
ಈ ಗುಂಡಿ ಕಾಣುವುದೇ ಇಲ್ಲ.

ಎಲ್ಲ ಸರಿ, ಒಂದು ಬಿಟ್ಟು.
ನಲವತ್ತು ಸೆಕೆಂಡಿಗೊಮ್ಮೆ
ಕೆಳಗೆ, ಎಡಕ್ಕೆ, ಏನೂ ಇಲ್ಲದ ಬೂದು ಮೂಲೆಗೆ
ಹೋಗಿ ಬರುತ್ತದೆ.
ಗಡಿಯಾರ ಬಿಚ್ಚಿಟ್ಟ ಮೇಲೂ
ಮಣಿಕಟ್ಟು ನೋಡಿಕೊಂಡಂತೆ.
ಹೆಲ್ವಿ ಅದನ್ನು ಗದ್ದಲ ಎಂದಳು, ದತ್ತಾಂಶದ ಗದ್ದಲ.
ವರದಿಯಲ್ಲಿ ನಾನು ಅಡಿಟಿಪ್ಪಣಿಗೆ ತಳ್ಳಿದೆ.
ಕಡೆಗಣ್ಣಿನದು, ಕಡೆಗಣಿಸಿದೆವು.
ನುಡಿಯೇ ಮೊದಲು ಮಾಡಿಟ್ಟ ತಪ್ಪು, ನಮ್ಮದೇನು.

ಓಸ್ಮೊನನ್ನು ಕೇಳಿದರೆ,
"ಅಲ್ಲಿಗೆ? ನಾನು? ಇಲ್ಲಪ್ಪ."

ಪಡುವಣ ಧಕ್ಕೆಯಲ್ಲಿ ಅವನ ಹಳೆಯ ಕ್ರೇನು
ಗುಜರಿಯವನಿಗೆ ಕಾಯುತ್ತ ನಿಂತಿತ್ತು.
ಒಂದು ಮಧ್ಯಾಹ್ನ ಏಣಿ ಹತ್ತಿ, ಏದುಸಿರು ಬಿಡುತ್ತ
ಅವನ ಸೀಟಿನಲ್ಲಿ ಕೂತೆ.
ಕೆಳಗೆ, ಎಡಕ್ಕೆ, ಮೊಣಕಾಲಿನ ಪಕ್ಕ
ಅಂಗೈಯಗಲದ ಗಾಜು.
ಗಾಜಿನಾಚೆ ಗೋದಾಮು, ಗೋದಾಮಿನ ಮಾಡಿನ ಮೇಲೆ
ಕಿತ್ತಳೆ ಬಣ್ಣದ ಗಾಳಿಚೀಲ
ಉಬ್ಬಿ, ಸೊರಗಿ, ಮತ್ತೆ ಉಬ್ಬುತ್ತಿತ್ತು.

ಗಾಳಿ ನೋಡುತ್ತಿದ್ದ ಮನುಷ್ಯ,
ತನಗೇ ಗೊತ್ತಿಲ್ಲದೆ.
ನಮ್ಮ ವಿನ್ಯಾಸದಲ್ಲಿ ಗಾಳಿ
ಮೂರನೆಯ ಮೆನುವಿನ ಒಳಗಿತ್ತು.

ಬೂದು ಮೂಲೆಗೆ ಗಾಳಿಯ ಅಂಕಿ ತಂದಿಟ್ಟೆವು.
ವಸಂತಕ್ಕೆ ಓಸ್ಮೊ ನಿವೃತ್ತನಾದ.
ಅವನ ಕುರ್ಚಿಗೆ ಬಂದ ಸಾಗಾ ಕ್ರೇನು ಹತ್ತಿದವಳೇ ಅಲ್ಲ.
"ಇದನ್ನೇಕೆ ಇಲ್ಲಿ ತುರುಕಿದ್ದೀರಿ? ಕಾಣುವುದೇ ಇಲ್ಲ."
ಅವಳ ಹಣೆಗೂ ಪಟ್ಟಿ ಕಟ್ಟಿದೆ.
ಮೇಲೆ, ಬಲಕ್ಕೆ, ಏನೂ ಇಲ್ಲದ ಬೂದು ಮೂಲೆಗೆ
ನಿಮಿಷಕ್ಕೊಮ್ಮೆ ಹೋಗಿ ಬರುತ್ತಿತ್ತು ಕಣ್ಣು.
ಎರಡು ದಿನ ತಲೆ ಕೆರೆದುಕೊಂಡೆ.
ಆಮೇಲೆ ನನ್ನ ಫೋನು ತೆಗೆದು ನೋಡಿದೆ:
ಬ್ಯಾಟರಿ ಇರುವ ಜಾಗ.

ಗಾಳಿಯನ್ನು ಎತ್ತಿ
ಅಲ್ಲಿಟ್ಟೆ.