ಜರಡಿ ಹಿಡಿದ ಮೇಲೆ

ಆರನೇ ಆವೃತ್ತಿ, ಎರಡನೇ ತಿದ್ದುಪಡಿ.
ಕುಂಬಳೆ ಪೇಟೆ, ಚಪ್ಪಲಿ ಅಂಗಡಿಯ ಮೇಲಿನ ಕೋಣೆ.
ಏನೇನು ಸರಿಮಾಡಿದೆನೆಂದು ಬರೆದಿಡಬೇಕು.
ಬಳಸುವವರು ಲೋಕದಲ್ಲಿ ಮುನ್ನೂರು ಮಂದಿ,
ಇದನ್ನು ಓದುವವರು ಇಬ್ಬರೋ ಮೂವರೋ.

ಮೊದಲನೆಯದು ಸಣ್ಣದು.
ಚಕ್ರದ ಹಾಗೆ ಬಿಚ್ಚಿಕೊಳ್ಳುವ ಚಿತ್ರದಲ್ಲಿ
ಒಂದು ಕುಲದ ಮೇಲೆ ಒತ್ತಿ ಒಳಹೊಕ್ಕರೆ
ಹೊರಬರಲು ದಾರಿಯಿರಲಿಲ್ಲ.
ಈಗ ನಡುವಿನ ಬಿಳಿ ಬೊಟ್ಟು ಒತ್ತಿ. ಬರಬಹುದು.

ಎರಡನೆಯದು ಮಿಸ್ರಿಯಾಳ ದೂರು.
ಮೊಗ್ರಾಲ್ ಹೊಳೆಯಂಚಿನ ಗುಂಡಿಗಳಲ್ಲಿ
ಹತ್ತು ತಿಂಗಳು ಕೊಳೆಯಲು ಹೂತ ತೆಂಗಿನ ಸಿಪ್ಪೆ,
ಅವಳು ತೊಂಡು ಅನ್ನುತ್ತಾಳೆ.
ಆ ಕಪ್ಪು ಕೆಸರಲ್ಲಿ ಯಾರ್ಯಾರು ಇದ್ದಾರೆ,
ಇದ್ದು ಏನು ಮಾಡುತ್ತಿದ್ದಾರೆ ಎಂಬುದು ಅವಳ ಸಂಶೋಧನೆ.
ಬರೀ ಇದ್ದಾರೆ ಎನ್ನಲು ಬೇರೆ ಸಾಧನಗಳಿವೆ.
ನಮ್ಮದು ಕೆಲಸದ ಕುರುಹು ಕೇಳುತ್ತದೆ,
ದುಡಿದು ಮುರಿದ ಪ್ರೋಟೀನಿನ ಚೂರು.
ಮಾದರಿಗಳಿಗೆ ಅವಳು ಮಲಯಾಳದಲ್ಲಿ ಹೆಸರಿಟ್ಟಳು,
ತೆರೆಯ ಮೇಲೆ ಬಂದದ್ದು ಆರು ಖಾಲಿ ಚೌಕ.
ನಾನು ಕನ್ನಡದಲ್ಲಿ ಹೊಡೆದು ನೋಡಿದೆ,
ಅವೇ ಆರು ಚೌಕ.
ಪಕ್ಷಪಾತವಿಲ್ಲ, ಅಂದಳು,
ಈ ಊರಲ್ಲಿ ಅಂಥದ್ದು ಒಂದಾದರೂ ಇದೆಯಲ್ಲ.
ಈಗ ಎರಡೂ ಬರುತ್ತವೆ.

ಮೂರನೆಯದು ಹೇಳಲು ನಾಚಿಕೆ.
ಐಸೊಲ್ಯೂಸಿನ್, ಲ್ಯೂಸಿನ್. ಒಂದೇ ತೂಕದ ಎರಡಕ್ಷರ.
ಒಂದು ಕವಲು ಮಾತ್ರ ಬೇರೆ ಜಾಗದಲ್ಲಿ ಒಡೆದದ್ದು,
ತೂಗುವ ಯಂತ್ರಕ್ಕೆ ಅದು ಕಾಣದು.
ಅದಕ್ಕೇ ಒಂದು ಆಯ್ಕೆ ಇಟ್ಟಿದ್ದೇವೆ:
ಎರಡನ್ನೂ ಒಂದೆಂದು ಎಣಿಸು.
ಗುರುತು ಹಾಕಿ ಮುಂದಿನ ಪುಟಕ್ಕೆ ಹೋದರೆ ಸಾಕು,
ಮರೆತುಬಿಡುತ್ತಿತ್ತು.
ಮರೆತು, ಎರಡೇ ಎಂದು ಹಟಹಿಡಿದು,
ಗುಂಡಿಯ ಕಾಲುಪಾಲನ್ನು ಗೊತ್ತಿಲ್ಲದವರ ಕಡೆ ತಳ್ಳುತ್ತಿತ್ತು.
ಕರೆಂಟು ಹೋದಾಗ ನಾನೇ ಅರ್ಧಕ್ಕೆ ಬಿಟ್ಟೆದ್ದ ಸಾಲು.
ಏಳು ತಿಂಗಳು ಯಾರೂ ಕೇಳಲಿಲ್ಲ.

ಇನ್ನೊಂದನ್ನು ಮೂರು ದಿನ ಮುಟ್ಟಲಿಲ್ಲ.
ಮೂರನೇ ಗುಂಡಿಯ ಫಲಿತಾಂಶದಲ್ಲಿ
ಬ್ಯಾಕ್ಟೀರಿಯಗಳ ನಡುವೆ ಸಪೂರ ಗೆರೆಯಾಗಿ
ಮನುಷ್ಯ.
ಕೆರಾಟಿನ್. ಚರ್ಮದ್ದು.
ಯಾವ ಪ್ರಯೋಗಾಲಯದಲ್ಲೂ ಬರುವ ಕಸ,
ಜರಡಿ ಹಿಡಿದು ತೆಗೆಯುತ್ತೇವೆ.
ಈ ಸಲ ಜರಡಿಯೇ ಹರಿದಿತ್ತು.
ನಾನು ಕೈಗವಸು ಹಾಕಿದ್ದೆ, ಅಂದಳು ಮಿಸ್ರಿಯಾ.
ಆಮೇಲೆ ತಡೆದು,
ಎತ್ತಿಕೊಟ್ಟದ್ದು ನಾರಾಣಿಯಕ್ಕ.

ಐವತ್ತು ವರ್ಷ ಸಿಪ್ಪೆ ಬಡಿದ ಕೈ.
ರೇಷನ್ ಅಂಗಡಿಯ ಯಂತ್ರ ಮೂರು ಸಲ ಹೆಬ್ಬೆಟ್ಟು ಒತ್ತಿಸಿ
ಗೆರೆಯೇ ಇಲ್ಲವೆಂದು ವಾಪಸು ಕಳಿಸಿದ ಕೈ.
ಅಲ್ಲಿ ಸಿಗದದ್ದು ಇಲ್ಲಿ ಸಿಕ್ಕಿದೆ.
ಹಾಗೆಂದು ನಾರಾಣಿ ಎಂದೇನೂ ಅನ್ನುವುದಿಲ್ಲ ಸಾಧನ.
ಚೂರೊಂದು ಇಬ್ಬರದೆಂದು ಅನುಮಾನ ಬಂದರೆ
ಇಬ್ಬರನ್ನೂ ಬಿಟ್ಟು
ಅವರ ಅಜ್ಜನ ಹೆಸರು ಹೇಳುತ್ತದೆ.
ಚಿಂಪಾಂಜಿಗೂ ಅದೇ ಚೂರು ಇರುವುದರಿಂದ
ವಾನರಗಣ ಅಂದು ಕೈತೊಳೆದುಕೊಂಡಿದೆ ಕೆಲವೆಡೆ.

ನಾಲ್ಕನೇ ದಿನ ಜರಡಿ ಹೊಲಿದೆ.
ಗೆರೆ ಹೋಯಿತು. ಉಳಿದವರು ತುಸು ತುಸು ಹಿಗ್ಗಿ
ಮತ್ತೆ ನೂರಕ್ಕೆ ನೂರು.
ಹೊರಗೆ ಮಂಗಳೂರಿನ ಲೋಕಲ್ಲು ಹೋಗಿ
ಕಿಟಕಿಯ ಗಾಜು ನಿಲ್ಲುವವರೆಗೂ ಕೂತಿದ್ದೆ.
ಯಾರೂ ಕೇಳದ ಒಂದು ಸಾಲನ್ನು ಆಮೇಲೆ ಸೇರಿಸಿದೆ.
ಇನ್ನು ಮುಂದೆ ಪುಟದ ಅಡಿಯಲ್ಲಿ, ಬೂದು ಬಣ್ಣದ ಸಣ್ಣಕ್ಷರದಲ್ಲಿ,
ತೆಗೆದದ್ದೆಷ್ಟೆಂದು ಕಾಣುತ್ತದೆ.
ಮೂರನೇ ಗುಂಡಿಗೆ: ತೆಗೆದದ್ದು, ನಲವತ್ತೊಂದು.

ಜರಡಿ ಹಿಡಿಯುವ ಮೊದಲಿನ ಹಾಳೆಯನ್ನು
ಮಿಸ್ರಿಯಾ ಹೊಳೆಯಂಚಿಗೆ ಒಯ್ದಳಂತೆ.
ಈ ಗೆರೆ ನಿಮ್ಮ ಕೈ, ಎಂದು ತೋರಿಸಿದಳಂತೆ.
ನಾರಾಣಿಯಕ್ಕ ಬೈರಾಸಿನಲ್ಲಿ ಕೈ ಒರೆಸಿ,
ಹಾಳೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿ,
ಇದನ್ನು ಕೊಂಡುಹೋದರೆ ಅಕ್ಕಿ ಕೊಡುತ್ತಾರಾ
ಎಂದಳಂತೆ.