ನಲವತ್ತೊಂದು ಮೀಟರು

ಟೆಂಡರಿನ ಪ್ರಕಾರ ಅದು ನೇರ ಗೆರೆ.
ನಾಲ್ಕನೇ ನಂಬರ್ ಬಿಲ್ಡಿಂಗಿನ ಹಿಂದಿನ ಚೇಂಬರಿನಿಂದ
ರಸ್ತೆಯ ಮ್ಯಾನ್‌ಹೋಲಿನವರೆಗೆ
ನಲವತ್ತೊಂದು ಮೀಟರು.
ಹಳೆಯ ಕೊಳವೆ ಕೀಳುವುದು, ಹೊಸದು ಕೂಡಿಸುವುದು,
ಮುಚ್ಚುವುದು, ಮಿಕ್ಕ ಮಣ್ಣು ಸಾಗಿಸುವುದು,
ಹದಿನೇಳು ಐಟಮ್ಮು, ಅರವತ್ತು ದಿನ,
ಮಳೆಗಾಲ ಸೇರಿ.

ಯೆರವಡಾದ ಸರಕಾರಿ ಕ್ವಾರ್ಟರ್ಸು. ಸೈಟು ನೋಡಲು ಹೋದಾಗ
ನೆಲಮಾಳಿಗೆಯ ಬಾಗೂಲ್ ಬಾಯಿ
ಮೂಗಿಗೆ ಸೆರಗು ಹಿಡಿಯದೆಯೇ ಬಚ್ಚಲು ತೋರಿಸಿದರು.
ಏಳೂವರೆಗೆ ಮೂರನೇ ಮಾಳಿಗೆಯ ಸ್ನಾನ,
ಏಳು ನಲವತ್ತಕ್ಕೆ ನನ್ನ ಹೊಸ್ತಿಲು, ಎಂದರು.
ಜಾಲರಿಯ ಮೇಲೆ ಮಸಾಲೆ ಅರೆಯುವ ಕಲ್ಲು ಹೇರಿದ್ದರು.
ಇದೂ ತೇಲುತ್ತದೇನು ಅಂತ ನಕ್ಕೆ.
ಅವರು ನಗಲಿಲ್ಲ.

ರಾತ್ರಿ ನಕ್ಷೆಯ ಜೆರಾಕ್ಸನ್ನು ಅವ್ವನ ಮುಂದೆ ಹಾಸಿದೆ.
ಅವ್ವನಿಗೆ ಓದು ಬಾರದು, ನಕ್ಷೆ ಬರುತ್ತದೆ.
ಬೆರಳಿಟ್ಟಳು. ‘ಇದು ಸುಳ್ಳದ.
ಇಲ್ಲಿತನ ನೆಟ್ಟಗ ಬಂತು. ಇಲ್ಲಿ ಕರಿಕಲ್ಲು ಹತ್ತಿತು,
ಹಾರಿ ಮುರದು ಎರಡಾತು.
ಸುರಂಗ ಹಾರಸಾಕ ಸಾಹೇಬ ಒಲ್ಲೆ ಅಂದ.
ಮುಕಾದಮ ಬೀಡಿ ಹಚ್ಚಿದ, ಸೇದಿ ಮುಗಿಯೂತನ ನಿಂತ,
ಆಮ್ಯಾಲ ಸಾಲು ಹೊಳ್ಳಿಸಿದ,
ಹುಣಸಿಗಿಡದ ಆಚಿಗೆ.’

ನಾನು ಚಿಕ್ಕವಳಿದ್ದಾಗ ಈ ಕಥೆಯಲ್ಲಿ ಕಲ್ಲೇ ಇರಲಿಲ್ಲ.
ಹುಣಸೆಯ ಕೊಂಬೆಗೆ ನನ್ನ ಜೋಳಿಗೆ ಕಟ್ಟಿತ್ತು,
ಕೂಸು ಏಳದಿರಲೆಂದು
ಮುಕಾದಮ ಹಾದಿ ಬಿಟ್ಟುಕೊಟ್ಟ ಎನ್ನುತ್ತಿದ್ದಳು.
ನಾನು ಲೈಸೆನ್ಸು ತೆಗೆಸಿದ ಮೇಲೆ
ಕಥೆಯೊಳಗೆ ಬಂಡೆ ಬಂತು.

ಎಷ್ಟು ಕೊಳವೆ, ನೆನಪಿದೆಯಾ?
‘ಕೂಡಿಸಿದ್ದು ನೂರಾಐದು, ಎರಡೆರಡು ಅಡಿದು.
ಒಡದದ್ದು ಎರಡು. ಆ ಎರಡರ ರೊಕ್ಕ
ನನ್ನ ಪಗಾರದಾಗ ಹಿಡದ.’
ಗುಣಿಸಿದೆ. ಅರವತ್ಮೂರು ಮೀಟರು.
ಇಪ್ಪತ್ತೆರಡು ಮೀಟರು
ಸರಕಾರಕ್ಕೆ ಗೊತ್ತಿಲ್ಲದೆ ನೆಲದಲ್ಲಿದೆ.

ಗುಟ್ಟು ಇಟ್ಟುಕೊಳ್ಳಬಹುದಿತ್ತು. ಆಗಲಿಲ್ಲ.
ಪ್ರಶ್ನೆ ಕೇಳಲು ಇದ್ದ ಕೊನೆಯ ದಿನ ಬರೆದೆ:
ಲೈನು ಹುಣಸೆಯ ಬಳಿ ತಿರುಗುತ್ತದೆ, ಅಳತೆ ಪರಿಶೀಲಿಸಬೇಕು.
ಆಧಾರ ಎಂಬ ಖಾನೆಯಲ್ಲಿ
ಅವ್ವನ ಹೆಸರು ಬರೆದು, ಅಳಿಸಿ,
ಮತ್ತೆ ಬರೆದೆ.
ಉತ್ತರ ಮರಾಠಿಯಲ್ಲಿ ಬಂತು, ಒಂದೇ ಶಬ್ದ:
ನಿವಿದೆಪ್ರಮಾಣೆ.
ಟೆಂಡರಿನಲ್ಲಿ ಇದ್ದಂತೆ.

ಐದಕ್ಕೆ ಮುಗಿಯುವುದು. ನಾಲ್ಕು ನಲವತ್ತಕ್ಕೆ
ಸರ್ವರು ಗಿರಗಿರ ತಿರುಗುತ್ತಿತ್ತು.
ಡಿಜಿಟಲ್ ಸಹಿಯ ಕಡ್ಡಿ ಚುಚ್ಚಿದೆ, ಕಿತ್ತೆ, ಉಫ್ ಎಂದೆ, ಚುಚ್ಚಿದೆ.
ಶೇಕಡಾ ಹನ್ನೆರಡು ಇಳಿಸಿದರೆ ಗೆಲ್ಲುವುದಿಲ್ಲ.
ಇಪ್ಪತ್ತೈದು ಇಳಿಸಿದರೆ ಗೆದ್ದು
ಬಂಡೆಯ ಮುಂದೆ ತಲೆಮೇಲೆ ಕೈ ಹೊತ್ತು ಕೂರುವೆ,
ಶನಿವಾರ ಕೂಲಿಗೆ ನಿಂತವರಿಗೆ
ನಿವಿದೆಪ್ರಮಾಣೆ ಎನ್ನಲಾದೀತೇ?
ಬೆರಳು ತಾನೇ ಒತ್ತಿತು:
ಸಂಕವ್ವ ಎಂಟರ್‌ಪ್ರೈಸಸ್, ಶೇಕಡಾ ನಾಲ್ಕು ಹೆಚ್ಚು.

ಲಕೋಟೆ ತೆರೆದಾಗ ಐವರಲ್ಲಿ ಐದನೆಯವಳು.
ತಾಪಕೀರ ಶೇಠ, ಇಪ್ಪತ್ತೇಳು ಕಡಿಮೆ.

ಜೂನಿನಲ್ಲಿ ಅವನ ಜೆಸಿಬಿ ನೇರ ಅಗೆಯಿತು.
ಹದಿನೆಂಟು ಮೀಟರು ಕೊಳವೆ. ಆಮೇಲೆ ಕರಿಕಲ್ಲು.
ಕಲ್ಲಿನಾಚೆ ಬರೀ ಮಣ್ಣು, ಮಣ್ಣಿನಲ್ಲಿ ಮಳೆನೀರು.
ಬಾಗೂಲ್ ಬಾಯಿಯ ಹೊಸ್ತಿಲಿಗೆ ಈಗ ಹೊತ್ತುಗೊತ್ತಿಲ್ಲ.
ಶೇಠನ ಫೋನು ಬಂತು. ನನ್ನ ಪ್ರಶ್ನೆ ಓದಿದ್ದನಂತೆ.
ತಾಯಿಯವರನ್ನು ಒಂದು ಗಳಿಗೆ ಕರೆತರಬಹುದೇ, ರಿಕ್ಷಾ ಕಳಿಸುವೆ.

ಅವ್ವ ಎಲೆಗೆ ಸುಣ್ಣ ಸವರುತ್ತಿದ್ದಳು.
‘ಆ ಎರಡು ಕೊಳಿವಿ ರೊಕ್ಕ
ಕೊಡ್ತಾನೇನು ಕೇಳು.’

ಹೋದಳು. ಹುಣಸೆ ಎಂದೋ ಹೋಗಿತ್ತು,
ಅದರ ಜಾಗದಲ್ಲಿ ಸ್ಕೂಟರುಗಳ ಸಾಲು.
ಅವ್ವ ಕಲ್ಲಿಗೆ ಬೆನ್ನು ಮಾಡಿ ನಿಂತಳು,
ತುಟಿಯಲ್ಲೇ ಎಣಿಸುತ್ತ ಹನ್ನೊಂದು ಹೆಜ್ಜೆ ನಡೆದಳು,
ಒಂದು ಸ್ಕೂಟರು ಸರಿಸಲು ಹೇಳಿ
ಹಿಮ್ಮಡಿಯಿಂದ ನೆಲ ತಟ್ಟಿದಳು. ಇಲ್ಲಿ.

ಎಲ್ಲರೂ ಬಗ್ಗಿ ನೆಲ ನೋಡಿದರು,
ಒಬ್ಬ ಸುಣ್ಣದ ಗುರುತು ಹಾಕಿದ.
ನಾನು ಮಾತ್ರ ಮೇಲೆ ನೋಡಿದೆ,
ಕೊಂಬೆ ಎಲ್ಲಿದ್ದೀತೆಂದು.